ರೆಕ್ಕೆ ಕೆಳಗಿನ ಜನ

ಬರ್ಕೋ ಪುಟ್ಟಿ, ನಿಮ್ಮ ಚಿಕ್ಕಜ್ಜಿ ವಿಷಯ. ನನ್ನ ತಂಗಿ ಅಂತ ಹೊಗಳೋಕೆ ಕೂತಿಲ್ಲ. ಅವಳಿಗಾದ ಅನ್ಯಾಯಕ್ಕೆ ಹೊಟ್ಟೆ ಉರೀತಿದೆ, ಅದಕ್ಕೆ ಹೇಳ್ತಿದೀನಿ.

ಅವಳು ಹಲ್ಲಿನ ಡಾಕ್ಟರ ಲ್ಯಾಬಲ್ಲಿ ಹಲ್ಲಿನ ಸೆಟ್ ಮಾಡ್ತಿದ್ದೋಳು. ನನ್ನ ಬಾಯಲ್ಲಿರೋದೂ ಅವಳು ಮಾಡಿದ್ದೇ, ಬೇಕಾದ್ರೆ ಕಡ್ಲೆಕಾಳು ಕಡಿದು ತೋರಿಸ್ಲಾ? ಬೇಡ, ಇರ್ಲಿ. ಕೆಲಸ ಬಿಟ್ಟ ಮೇಲೆ ಸುಮ್ನೆ ಕೂರೋ ಪೈಕಿನಾ ಅವಳು? ಅಚ್ಚು ತೆಗೆದು ತೆಗೆದು ಪಳಗಿದ ಕೈ. ಗೊಂಬೆ ಶುರು ಹಚ್ಕೊಂಡ್ಳು. ಯುದ್ಧವಿಮಾನದ ಮಾದರಿ ಕಟ್ತಾರಲ್ಲ, ಅದರ ಸುತ್ತ ನಿಲ್ಲಿಸೋ ಜನ. ಪೆಟ್ರೋಲಿನ ಪೈಪ್ ಎಳೆಯೋನು, ಏಣಿ ಹಿಡ್ಕೊಂಡೋನು, ಚಕ್ರದ ಹತ್ರ ಕುಕ್ಕರಗಾಲಲ್ಲಿ ಕೂತೋನು. ರೆಸಿನ್ ಅಂತ ಒಂದಿದೆ, ಸುರಿಯೋವಾಗ ಜೇನುತುಪ್ಪ, ಆಮೇಲೆ ಕಲ್ಲು. ಒಬ್ಬೊಬ್ಬನೂ ನನ್ನ ಕಿರುಬೆರಳಲ್ಲಿ ಅರ್ಧ ಇಲ್ಲ, ಆದ್ರೂ ಮುಖ ನೋಡಿದ್ರೆ ಯಾರಿಗೆ ಬೇಜಾರಾಗಿದೆ, ಯಾರಿಗೆ ನಿದ್ದೆ ಬರ್ತಿದೆ ಅಂತ ಹೇಳ್ಬೋದು.

ಅಚ್ಚಿಂದ ಬಂದಾಗ ಅವಕ್ಕೆಲ್ಲ ಮೈಮೇಲೆ ಜಿಡ್ಡು. ಸೋಪಿನ ನೀರಲ್ಲಿ ಉಜ್ಜದೆ ಬಣ್ಣ ಹಾಕಿದ್ರೆ ನಿಲ್ಲಲ್ಲ. ಹಳೇ ಹಲ್ಲುಜ್ಜೋ ಬ್ರಶ್ ಹಿಡ್ಕೊಂಡು ಒಬ್ಬೊಬ್ಬನಿಗೂ ಸ್ನಾನ ಮಾಡಿಸ್ತಾ ಕೂತಿರ್ತಾಳೆ.

"ಏನೇ, ತಲೆಗೂ ನೀರು ಹಾಕ್ತೀಯಾ?" ಅಂದೆ.

"ಕಿವಿ ಹಿಂದೇನೂ ಉಜ್ತೀನಿ ಅಕ್ಕ. ನಿನ್ನ ಮಕ್ಕಳಿಗೆ ನೀನು ಬಿಟ್ಟಿದ್ದ ಜಾಗ," ಅಂದ್ಳು. ಬಾಯಿ ನೋಡು!

ಮಾದರಿ ಕಟ್ಟೋರದ್ದು ಒಂದು ಸಂಘ ಇದೆ. ಅದರ ಅಧ್ಯಕ್ಷನ್ನ ನಾವು ಮೀಸೆ ಅಂತೀವಿ. ಅವನು ಕಟ್ಟಿದ ವಿಮಾನ ಪ್ರದರ್ಶನಕ್ಕೆ ಹೋಗ್ಬೇಕಿತ್ತು, ಜನ ಮಾಡಿಕೊಡಿ ಅಂತ ತಿಂಗಳುಗಟ್ಲೆ ಬಂದ. ವಿಮಾನದ ಮುಂದೆ ಇಡೋ ಕಾರ್ಡಲ್ಲಿ ಇಬ್ಬರ ಹೆಸರೂ ಹಾಕಿಸ್ತೀನಿ ಅಂದ. ಅದಕ್ಕೇ ಇವಳು ಒಪ್ಪಿದ್ದು.

"ಜೀವಮಾನ ಪೂರ್ತಿ ಹಲ್ಲು ಮಾಡ್ದೆ ಅಕ್ಕ, ನಕ್ಕೋರೆಲ್ಲ ಡಾಕ್ಟರ ಹೆಸರು ಹೇಳಿದ್ರು. ಇದಕ್ಕಾದ್ರೂ ನನ್ನ ಹೆಸರಿರ್ಲಿ," ಅಂದಿದ್ಳು.

ಕೊನೇಲಿ ಎಲ್ಲರನ್ನೂ ತಗೊಂಡು ಹೋಗೋವಾಗ ಅವನು ಆಗ ತಾನೇ ಅಚ್ಚಿಂದ ಬಿಚ್ಚಿದ್ದ ಒಬ್ಬ ಪೈಲಟನ್ನೂ ಎತ್ಕೊಂಡ. "ಇವನಿಗೆ ನಾನೇ ಬಣ್ಣ ಹಾಕ್ತೀನಿ."

"ಮೊದ್ಲು ಅವನ್ನ ತೊಳೀರಿ," ಅಂದ್ಳು ಇವಳು.

"ಗೊತ್ತು ಬಿಡಿ ಅಮ್ಮಾ, ನಾವೇನು ಹೊಸಬರಾ!"

ಪ್ರದರ್ಶನಕ್ಕೆ ಇಬ್ಬರೂ ಹೋದ್ವಿ. ನನ್ನ ಮಂಡಿ ನೋವಿನ ಕಥೆ ಬೇರೆ, ಆ ಕಟ್ಟಡಕ್ಕೆ ಮೆಟ್ಟಿಲು ಕಟ್ಟಿಸಿದೋನಿಗೆ ಮಂಡಿನೇ ಇರ್ಲಿಲ್ವೇನೋ. ಹತ್ತಿ ಹೋಗಿ ನೋಡಿದ್ರೆ ಕಾರ್ಡಲ್ಲಿ ಮೀಸೆ ಹೆಸರೊಂದೇ! ಇವಳು ಕನ್ನಡಕ ಒರೆಸ್ಕೊಂಡು ಇನ್ನೊಂದ್ಸಲ ಓದಿದ್ಳು.

"ಗೊಂಬೆ ತಾನೇ ಅಮ್ಮಾ, ವಿಮಾನ ಮುಖ್ಯ," ಅಂದ ಮಹಾನುಭಾವ.

ಅಷ್ಟರಲ್ಲಿ ಯಾರೋ ನೋಡೋಕೆ ಬಂದೋರು ಪೈಲಟ್ ಕಡೆ ಬೆರಳು ತೋರಿಸಿದ್ರು. ತೊಳೀದೆ ಹಚ್ಚಿದ್ದಾನೆ! ಮುಖದ ಬಣ್ಣ ಹಾಲಿನ ಕೆನೆ ಥರ ಎದ್ದು ನಿಂತಿದೆ. ಮೀಸೆ ಏನಂದ ಗೊತ್ತಾ? "ಗೊಂಬೆಗಳೆಲ್ಲ ಈ ಅಮ್ಮನ ಕೆಲಸ!"

ನೋಡಿದ್ಯಾ? ಚೆನ್ನಾಗಿರೋದಕ್ಕೆ ಇವಳಿಲ್ಲ, ಬಣ್ಣ ಎದ್ದಿರೋದಕ್ಕೆ ಇವಳು! ನಾನು ಬೈಯೋಕೆ ಬಾಯಿ ತೆಗೆದೆ. ಇವಳು ನನ್ನ ಕೈ ಅದುಮಿದ್ಳು. ಬ್ಯಾಗಿಂದ ಕನ್ನಡಕದ ಡಬ್ಬಿ ತೆಗೆದ್ಳು. ಆ ಗೊಂಬೆ ಜನರ ಕಾಲಲ್ಲಿ ಸಣ್ಣ ತಂತಿ ಇರುತ್ತೆ, ವಿಮಾನ ನಿಲ್ಲಿಸಿರೋ ಹಲಗೆಗೆ ಚುಚ್ಚಿರ್ತಾರೆ. ಸೊಪ್ಪು ಕಿತ್ತ ಹಾಗೆ ಒಬ್ಬೊಬ್ಬನ್ನೇ ಕಿತ್ತು ಡಬ್ಬಿಗೆ ಹಾಕಿದ್ಳು, ಪೈಲಟ್ ಒಬ್ಬನ್ನ ಬಿಟ್ಟು.

"ಏನ್ಮಾಡ್ತಿದೀರಿ! ಈಗ ತೀರ್ಪುಗಾರರು ಬರ್ತಾರೆ!"

"ನನ್ನ ಜನ ನನ್ನ ಜೊತೆ ಬರ್ತಾರೆ. ಅವನು ನಿಮ್ಮೋನು."

ಆಗ ಇಳೀತು ನೋಡು ಮೀಸೆಯ ಜಂಭ. ಜೇಬಿಂದ ಪೆನ್ ತೆಗೆದ. "ಈಗ್ಲೇ ಬರೀತೀನಿ ಅಮ್ಮಾ, ಈಗ್ಲೇ. ನಿಮ್ಮ ಹೆಸರು... ಏನಂದ್ರಿ?"

ತಿಂಗಳುಗಟ್ಲೆ ನಮ್ಮನೇಲಿ ಕಾಫಿ ಕುಡಿದೋನು ಪುಟ್ಟಿ! ಹೆಸರು ಕೇಳ್ತಾನೆ!

ಇವಳು ಡಬ್ಬಿ ಟಪ್ಪಂತ ಮುಚ್ಚಿ ಮೆಟ್ಟಿಲಿಳಿದ್ಳು.

ಈಗ ಅವರೆಲ್ಲ ಕಿಟಕಿ ಹತ್ರ ನಿಂತಿದಾರೆ, ವಿಮಾನ ಇಲ್ಲದೆ. ಇವಳೇ ಕಟ್ತಾಳಂತೆ. ರೆಕ್ಕೆ ಸೊಟ್ಟ ಕೂತಿದೆ ಅಂತ ಬೆಳಿಗ್ಗೆಯಿಂದ ಬೈಕೋತಿದಾಳೆ, ಬೈಕೊಳ್ಲಿ. ಮೀಸೆ ಫೋನ್ ಮಾಡ್ತಾನೇ ಇದಾನೆ. ಈ ಸಲ ಫೋನ್ ಬಂದ್ರೆ ನನ್ನ ಕೈಗೆ ಕೊಡು.