ಕಾಟಾದವನ ಮೇಲೊಂದು ದೂರು

ನನಗೆ ಉಗ್ಗು. ಹುಟ್ಟಿನಿಂದ ಇದ್ದದ್ದು, ಈಗಲೂ ಇದೆ. ಕ, ತ, ಪ ಇವುಗಳಿಂದ ಶುರುವಾಗುವ ಮಾತುಗಳು ಬಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡುಬಿಡುತ್ತದೆ. ಇಂಥವನಿಗೆ ಜನರ ಹೆಸರು ಕೂಗುವ ಕೆಲಸ ಸಿಕ್ಕಿತ್ತು.

ಎಂಬತ್ತರ ದಶಕದ ನಡುವಿನ ಮಾತು. ನವಲಗುಂದದ ಹೊರಗೆ, ಅಣ್ಣಿಗೇರಿಗೆ ಹೋಗುವ ರಸ್ತೆಯಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನು ಒಂದಿತ್ತು. ಹಂಗಾಮು ಬಂದರೆ ಹತ್ತಿ ತುಂಬಿದ ಅಂಡಿಗೆ ಹೇರಿಕೊಂಡ ಚಕ್ಕಡಿಗಳು ಗೇಟಿನ ಹೊರಗೆ ಉದ್ದಕ್ಕೆ ಸಾಲು ನಿಲ್ಲುತ್ತಿದ್ದವು. ಸರದಿ ಬಂದವರ ಊರು, ಹೆಸರು ಕೂಗಿ ಒಳಗೆ ಬಿಡುವುದು, ತೂಕದ ಚೀಟಿ ಬರೆದುಕೊಡುವುದು ನನ್ನ ಕೆಲಸ. ನನ್ನ ಅಕ್ಷರ ದುಂಡಗಿದೆ ಎಂದು ಸಾವುಕಾರರು ನನ್ನನ್ನು ಇಟ್ಟುಕೊಂಡಿದ್ದರು. ಕೂಗುವ ಮಾತು ಅವರಿಗೆ ಹೊಳೆದಿರಲಿಲ್ಲ. ಗಂಡ ಬಿಟ್ಟ ಮೇಲೆ ತವರಿಗೆ ಬಂದಿದ್ದ ನನ್ನ ಅಕ್ಕ ಅದೇ ಜಿನ್ನಿನ ಒಳಗೆ ಹೆಂಗಸರ ಜೊತೆ ಕೂತು ಹತ್ತಿಯ ಕಸ ಆರಿಸುತ್ತಿದ್ದಳು. ಮನೆಯಲ್ಲಿ ನಾವಿಬ್ಬರು ಮತ್ತು ಅವ್ವ.

ನನ್ನ ಬಾಜೂಕೇ ಕಾಟಾ, ಅಂದರೆ ತೂಕದ ಯಂತ್ರ. ಅದನ್ನು ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಕಾಟಾದವ ಎನ್ನುತ್ತಿದ್ದರು. ನಲವತ್ತು ದಾಟಿದ ಮನುಷ್ಯ. ಹಣೆತುಂಬ ವಿಭೂತಿ, ಶುಭ್ರವಾದ ಧೋತರ. ಬೀಡಿ ಮುಟ್ಟುತ್ತಿರಲಿಲ್ಲ, ಹೆಣ್ಣುಮಕ್ಕಳ ಮುಂದೆ ಒಂದು ಹೊಲಸು ಮಾತು ಆಡುತ್ತಿರಲಿಲ್ಲ. ಅವನಿಗಿದ್ದದ್ದು ಒಂದೇ ಚಟ, ನಾನು.

ಮೊದಮೊದಲು ನಾನು ಯಾವುದಾದರೂ ಹೆಸರಿನಲ್ಲಿ ಸಿಕ್ಕಿಕೊಂಡರೆ ಮಿಕ್ಕದ್ದನ್ನು ಅವನೇ ಕೂಗಿ ಪಾರುಮಾಡುತ್ತಿದ್ದ. ಉಪಕಾರ ಎಂದುಕೊಂಡೆ. ಆಮೇಲೆ ಮಿಕ್ಕದ್ದನ್ನು ಬಿಟ್ಟು, ನಾನು ಸಿಕ್ಕಿಕೊಂಡ ಅಕ್ಷರವನ್ನೇ ಕೂಗತೊಡಗಿದ. ಮಾತು ಬಾರದಾಗ ನನ್ನ ಕತ್ತು ಹೇಗೆ ಮುಂದಕ್ಕೆ ಚಾಚುತ್ತದೆ, ಎಡಗಣ್ಣು ಹೇಗೆ ಮುಚ್ಚಿಕೊಳ್ಳುತ್ತದೆ ಎಂಬುದು ನನಗೆ ತಿಳಿದದ್ದು ಅವನು ಮಾಡಿ ತೋರಿಸಿದಾಗಲೇ. ಚಕ್ಕಡಿಯವರಿಗೆ ಬಿಸಿಲಿನಲ್ಲಿ ಕಾಯುವ ಬೇಸರ. ಅವರಿಗೆ ನಾವಿಬ್ಬರು ಪುಕ್ಕಟೆಯ ಆಟವಾದೆವು.

ಒಂದು ಮಧ್ಯಾಹ್ನ ತಿರ್ಲಾಪುರದ ಒಬ್ಬ ರೈತನ ಸರದಿ ಬಂತು. ನಾನು 'ತಿ' ಎಂದೆ. ಮುಂದೆ ಹೋಗಲಿಲ್ಲ. ಕಾಟಾದವ ಕೋಳಿಗೆ ಕಾಳು ಹಾಕುವವನಂತೆ ಕೈ ಮಾಡಿ, "ತಿ, ತಿ, ತಿ, ತಿ" ಎಂದು ಕರೆದ. ಸಾಲೆಲ್ಲ "ತಿ, ತಿ" ಎಂದು ಕೂಗತೊಡಗಿತು. ಆ ಗದ್ದಲದಲ್ಲಿ ಯಾರ ಸರದಿ ಎಂಬುದೇ ತಿಳಿಯದೆ ಎರಡು ಚಕ್ಕಡಿಗಳು ಒಟ್ಟಿಗೇ ಗೇಟಿಗೆ ನುಗ್ಗಿದವು. ನೊಗ ಮುರಿದು ಒಂದು ಎತ್ತು ಮಂಡಿಯೂರಿ ಬಿತ್ತು. ಅಂಡಿಗೆ ಒಡೆದು ಹತ್ತಿಯೆಲ್ಲ ಧೂಳಿನಲ್ಲಿ ಚೆಲ್ಲಿತು.

ಸಾವುಕಾರರು ಹೊರಗೆ ಬಂದು ನೋಡಿದರು. ಅವರು ಬೈಯಲೂ ಇಲ್ಲ. "ಗೇಟಿನ್ಯಾಗ ಬಾಯಿ ಇದ್ದಾಂವ ಬೇಕಪಾ. ನೀ ನಾಳಿಂದ ಬರಬ್ಯಾಡ" ಎಂದರು. ಕಾಟಾದವ ಆಗಲೇ ಬಗ್ಗಿ ಹತ್ತಿ ಬಳಿಯುತ್ತಿದ್ದ.

ಮನೆಯಲ್ಲಿ ಅವ್ವ ಸಿಟ್ಟಿಗೆದ್ದಳು. "ಸಾವ್ಕಾರ್ರಿಗೆ ಇದು ಗೊತ್ತಿರಾಕಿಲ್ಲ. ಹೋಗಿ ಹೇಳು. ಕೆಲಸಾ ಹೋದ್ರ ಹೋಗಲಿ, ಅಂವ ಏನ ಮಾಡಿದಾ ಅನ್ನೂದು ಅವರಿಗೆ ತಿಳೀಬೇಕು."

ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹೇಳಬ್ಯಾಡ ತಮ್ಮಾ. ನಾ ಆರಿಸಿದ ಹತ್ತಿ ದಿನಾ ಸಂಜಿಗೆ ತೂಗಾಂವ ಅಂವನ. ತೂಕದ ಮ್ಯಾಲ ನನ್ನ ಕೂಲಿ. ಅಂವ ಮುಳ್ಳು ಒಂಚೂರು ಹಿಂದಕ್ಕ ಓದಿದ್ರ ನಾ ಯಾರಿಗೆ ಹೇಳ್ಲಿ?"

ಅವಳ ಮಾತು ನಿಜವಿತ್ತು. ನಾನು ಸಾವುಕಾರರ ಕಡೆ ಹೋಗಲಿಲ್ಲ. ಆದರೆ ಹಗಲೆಲ್ಲ ಕಟ್ಟೆಯ ಮೇಲೆ ಕೂತಿರುವವನಿಗೆ ಬೇರೆ ಏನು ಕೆಲಸ? ಸಾವುಕಾರರ ಮುಂದೆ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಆಡುತ್ತಿದ್ದೆ. ಅಲ್ಲಿ ಒಂದಕ್ಷರವೂ ತಡವರಿಸುತ್ತಿರಲಿಲ್ಲ. ಹೇಳಲೋ ಬೇಡವೋ ಎಂಬುದು ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ ಆಗುತ್ತಿತ್ತು.

ಒಂದು ದಿನ ಅಕ್ಕ ಬುತ್ತಿ ಮರೆತು ಹೋದಳು. ಅವ್ವ ನನ್ನ ಕೈಗೆ ಕೊಟ್ಟು ಕಳಿಸಿದಳು. ಊಟದ ಹೊತ್ತು, ಯಂತ್ರ ನಿಂತಿತ್ತು. ಹತ್ತಿಯ ರಾಶಿಯ ಆಚೆ ಹೆಂಗಸರು ಕೂತಿದ್ದರು. ನಡುವೆ ಕಾಟಾದವನ ದನಿ. ನನ್ನ ಕೆಲಸ ಹೋದ ದಿನವನ್ನು ಮಾಡಿ ತೋರಿಸುತ್ತಿದ್ದ. ಎತ್ತು ಬಿದ್ದದ್ದು, ನಾನು ಕಣ್ಣು ಮುಚ್ಚಿ ಗೇಟು ಹಿಡಿದು ನಿಂತದ್ದು, ಎಲ್ಲ. ಹೆಂಗಸರು ನಗುತ್ತಿದ್ದರು. ಆ ನಗೆಗಳಲ್ಲಿ ಒಂದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ನಗೆ. ಅಕ್ಕ ತಡೆದು ತಡೆದು ನಗುವವಳಲ್ಲ, ಅವಳ ನಗೆ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು.

ಬುತ್ತಿಯನ್ನು ರಾಶಿಯ ಈಚೆಗೇ ಇಟ್ಟು ಸೀದಾ ಸಾವುಕಾರರ ಕೋಣೆಗೆ ನಡೆದೆ. ಬರೆದು ಕೊಡಬಹುದಿತ್ತು. ಬಾಯಿ ಇಲ್ಲವೆಂದು ತೆಗೆದುಹಾಕಿದವರಿಗೆ ಬಾಯಿಂದಲೇ ಹೇಳಬೇಕೆಂಬ ಹಟ ನನ್ನದು.

"ಬಾರೋ. ಏನಪಾ?" ಎಂದರು ಸಾವುಕಾರರು. ಚಾ ಕುಡಿಯುತ್ತಿದ್ದರು.

"ಕ... ಕ..." ಎಂದೆ. ಅವರು ಕಾದರು. ಮತ್ತೆ "ಕ..." ಎಂದೆ. ಅವರು ಚಾದ ಬಸಿಯನ್ನು ಕೆಳಗಿಟ್ಟು, ಬಾಗಿಲ ಕಡೆ ತಿರುಗಿ ಕೂಗಿದರು: "ಯಾರದೀರಿ ಅಲ್ಲಿ? ಕಾಟಾದವನ್ನ ಕಳಸ್ರಿ. ಇವನ ಮಾತು ಅವಗ ತಿಳೀತೈತಿ."

ಅವನು ಬಂದು ಕೈಕಟ್ಟಿ ನಿಂತ. ಅವತ್ತು ಅಣಕಿಸಲಿಲ್ಲ. ಅಗದಿ ಕಕ್ಕುಲಾತಿಯಿಂದ ನನ್ನ ಬಾಯನ್ನೇ ನೋಡಿದ.

"ಕ... ಕಾ..." ಎಂದೆ.

"ಕೆಲಸಾ ಅಂತಾನ್ರಿ. ಕೆಲಸಾ ಬೇಕಂತ."

ನಾನು ಇಲ್ಲವೆಂದು ತಲೆ ಕೊಡವಿದೆ. ತ್ರಾಸ ಕೊಟ್ಟ ಎನ್ನಲು ಹೋದೆ. "ತ... ತ..."

"ತಪ್ಪಾತು ಅಂತಾನ್ರಿ ಯಪ್ಪಾ. ಅವತ್ತ ಎತ್ತು ಬಿದ್ದದ್ದಕ್ಕ."

ಇವನು ಒಳಗೆ ನನ್ನ ಅಕ್ಕನ ಮುಂದೆಯೇ ಆಡಿಕೊಳ್ಳುತ್ತಿದ್ದಾನೆ ಎಂದು ಹೇಳಬೇಕಿತ್ತು. "ಅಕ್ಕ" ಎಂಬುದೊಂದು ನೆಟ್ಟಗೆ ಬಂತು. ಮುಂದಿನದಕ್ಕೆ ನಾಲಿಗೆ ಮತ್ತೆ ಅಂಟಿತು.

ಕಾಟಾದವ ಕಣ್ಣು ಕೆಳಗೆ ಹಾಕಿದ. ಆಮೇಲೆ, ಹೇಳಲು ತನಗೇ ನಾಚಿಕೆಯಾಗುವವನಂತೆ, "ಅಕ್ಕನ ಜಾಗಾನಾದ್ರೂ ಕೊಡ್ರಿ ಅಂತಾನ್ರಿ. ಆಕಿನ್ನ ಬಿಡಿಸಿ ತನ್ನ ಹಚ್ಚಿಕೊಳ್ರಿ ಅಂತ" ಎಂದ.

ಸಾವುಕಾರರು ಮುಖ ಸಿಂಡರಿಸಿದರು. "ಒಡಹುಟ್ಟಿದಾಕಿ ಅನ್ನಾ ಕಸೀತೀಯೇನೋ? ಗಂಡಿಲ್ಲದಾಕಿ ಆಕಿ. ನಡಿ, ಹೊರಗ ನಡಿ." ನಾನು ನಿಂತೇ ಇದ್ದೆ. ಕಾಟಾದವ ನನ್ನ ಹೆಗಲ ಮೇಲೆ ಮೆತ್ತಗೆ ಕೈಯಿಟ್ಟು ಬಾಗಿಲವರೆಗೆ ಕರೆದುಕೊಂಡು ಬಂದ. ಹೊರಗೆ ಬಂದ ಮೇಲೆ, "ಬಿಸಲಾಗ ಹೋಗಬ್ಯಾಡ, ನೀರ ಕುಡದು ಹೋಗು" ಎಂದ.

ನನಗಿಂತ ಮೊದಲು ಸುದ್ದಿ ಅಕ್ಕನಿಗೆ ಮುಟ್ಟಿತ್ತು. ಸಂಜೆ ಅವಳು ಮನೆಗೆ ಬಂದವಳೇ ತಲೆಯ ಹತ್ತಿ ಕೂಡ ಕೊಡವಿಕೊಳ್ಳದೆ ನನ್ನ ಮುಂದೆ ನಿಂತಳು. "ನನ್ನ ಜಾಗಾ ಬೇಕೇನೋ ನಿನಗ?"

ಅಲ್ಲವೆಂದು ಹೇಳಲು ಬಾಯಿ ತೆರೆದೆ. ಮನೆಯಲ್ಲಿ ನನಗೆ ಅಷ್ಟು ಕಷ್ಟ ಆಗುತ್ತಿರಲಿಲ್ಲ. ಅಕ್ಕ ಯಾವಾಗಲೂ ನನ್ನ ಮಾತು ಮುಗಿಯುವವರೆಗೆ ಕಾಯುವವಳು. ಅವತ್ತು ಅವಳು ಕಾಯಲಿಲ್ಲ. ಕತ್ತು ಮುಂದೆ ಚಾಚಿ, ಎಡಗಣ್ಣು ಮುಚ್ಚಿ, "ಕ... ಕ... ಕ..." ಎಂದಳು. ಕಾಟಾದವನಿಗಿಂತ ಚೆನ್ನಾಗಿ ಮಾಡಿದಳು. ಅವಳು ನನ್ನನ್ನು ಎಳೆಗೂಸಾಗಿದ್ದಾಗಿನಿಂದ ನೋಡಿದವಳಲ್ಲವೇ?

ಅವ್ವ ಒಲೆಯ ಮುಂದಿನಿಂದ, "ಸಾಕ ಮಾಡ್ರಿ, ಉಣ್ಣಾಕ ಬರ್ರಿ" ಎಂದಳು. ಅಷ್ಟೇ ಎಂದಳು.

ಸಿಟ್ಟು ಇಳಿದ ಮೇಲೆ ಒಂದು ದಿನ ಅಕ್ಕನಿಗೆ ನಡೆದದ್ದನ್ನೆಲ್ಲ ಹೇಳಿದೆ. ತಡವರಿಸಿದರೂ ಕೊನೆಯವರೆಗೆ ಹೇಳಿದೆ. ಅವಳು ಕೇಳಿಸಿಕೊಂಡಳು.

"ನೀ ಹೇಳೂದು ಖರೇ ಇರಬೇಕು" ಎಂದಳು. "ಆದ್ರ ಅಂವ ಈಗ ನನ್ನ ಮ್ಯಾಲ ಕರುಣಾ ಇಟ್ಟಾನ. ತಮ್ಮನ ಕೈಯಿಂದ ನಿನ್ನ ಉಳಿಸೀನಿ ಅಂತಾನ. ತೂಕಾ ಸರಿ ಹಿಡೀತಾನ. ನೀ ಹೇಳಿದ್ದು ಸುಳ್ಳು ಅಂತನ ಇರಲಿ ಬಿಡು."

ನಾನು ಕಲಘಟಗಿಗೆ ಹೋದೆ. ಅಲ್ಲಿ ದೂರದ ಮಾವನೊಬ್ಬ ಮರದ ತೊಟ್ಟಿಲುಗಳಿಗೆ ಬಣ್ಣ ಹಾಕುತ್ತಿದ್ದ. ದಿನವಿಡೀ ಬಾಯಿ ಬಿಡದಿದ್ದರೂ ನಡೆಯುವ ಕೆಲಸ. ದೀಪಾವಳಿಗೆ ಊರಿಗೆ ಬಂದಾಗ ಅಕ್ಕ ಖುಷಿಯಲ್ಲಿದ್ದಳು. ಜಿನ್ನಿನ ಸುದ್ದಿ ಹೇಳಿದಳು. ನನ್ನ ಜಾಗಕ್ಕೆ ಬಂದ ಗೇಟಿನವನಿಗೆ ಗಂಟಲು ಭಾರಿ ಇತ್ತಂತೆ, ಆದರೆ ಒಂದು ಕಾಲು ಕುಂಟು. ಕಾಟಾದವ ಅವನ ನಡಿಗೆಯನ್ನು ಹೇಗೆ ಮಾಡುತ್ತಾನೆ ಎಂದು ಅಕ್ಕ ಸೀರೆ ಎತ್ತಿ ಹಿಡಿದು ಪಡಸಾಲೆಯ ಉದ್ದಕ್ಕೂ ನಡೆದು ತೋರಿಸಿದಳು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಬಹಳ ಕಾಲದ ಮೇಲೆ ಆ ಮನೆಯಲ್ಲಿ ಮೂವರೂ ಕೂಡಿ ನಕ್ಕೆವು.