ಒತ್ತಿ ನೋಡದ ಕೈಪಂಪು

ಕೋವಿಡ್ ನಿರ್ಬಂಧಗಳು ತೆರವಾದ ಮರುವರ್ಷದ ಮಾತು. ಜಮೀನು ಅಳೆಯುವ ಮೋಜಣಿ ಕೆಲಸದಿಂದ ನಿವೃತ್ತನಾಗಿದ್ದ ನಾನು ರಾಯಚೂರಿನ ಮನೆಯಲ್ಲೇ ಕುಳಿತು ಸೈಕಲ್ ಸವಾರರಿಗೆ ಮಾರ್ಗದರ್ಶಿ ಪುಸ್ತಕಗಳನ್ನು ಬರೆದು ಪ್ರಕಟಿಸುತ್ತಿದ್ದೆ. ಬೈಕ್‌ಪ್ಯಾಕಿಂಗ್ ಎಂದರೆ ಸೈಕಲ್ಲಿಗೆ ಚೀಲಗಳನ್ನು ಕಟ್ಟಿಕೊಂಡು, ಹೆದ್ದಾರಿ ಬಿಟ್ಟು, ಹೊಲದ ದಾರಿ, ಕಾಲುವೆ ದಂಡೆ ಹಿಡಿದು ದಿನಗಟ್ಟಲೆ ಸಾಗುವುದು. ಅಂಥ ಸವಾರನಿಗೆ ಎಲ್ಲಕ್ಕಿಂತ ಮೊದಲು ಗೊತ್ತಿರಬೇಕಾದದ್ದು ನೀರು ಎಲ್ಲಿ ಸಿಗುತ್ತದೆ ಎಂಬುದು. ನನ್ನ ನಕಾಶೆಗಳಲ್ಲಿ ಕುಡಿಯುವ ನೀರಿಗೆ ನೀಲಿ ಹನಿಯ ಗುರುತು ಹಾಕುತ್ತಿದ್ದೆ.

ಮೂರನೆಯ ಪುಸ್ತಕದ ಮಾರ್ಗ ರಾಯಚೂರಿನಿಂದ ಕುರ್ಡಿ, ಮಾನ್ವಿ, ಮಸರಕಲ್, ದೇವದುರ್ಗ ಸುತ್ತಿ ಮರಳುವ ಮೂರು ದಿನದ ದಾರಿ. ಡಿಸೆಂಬರ್‌ನಲ್ಲಿ ಒಬ್ಬನೇ ಸೈಕಲ್ ತುಳಿದು ಅಳೆದೆ. ಖುದ್ದು ಕುಡಿದ ನೀರಿಗೆ ಮಾತ್ರ ಹನಿ ಹಾಕುವುದು ನಾನೇ ಮಾಡಿಕೊಂಡ ನಿಯಮ. ಮಾನ್ವಿ ದಾಟಿದ ಮೇಲೆ ಹಿಂದಿನ ಚಕ್ರದ ಕಡ್ಡಿಗಳು ಮುರಿದವು. ಹತ್ತಿ ಹೇರಿಕೊಂಡು ಮಸರಕಲ್ ಕಡೆ ಹೊರಟಿದ್ದ ಟೆಂಪೊದಲ್ಲಿ ಸೈಕಲ್ ಹಾಕಿಸಿ, ಚಾಲಕನ ಪಕ್ಕ ಕುಳಿತೆ. ಊರೇ ಇಲ್ಲದ ಹದಿನೆಂಟು ಕಿಲೋಮೀಟರ್ ದಾರಿ. ನಡುವೆ ಬೇವಿನ ಮರದ ಬುಡದಲ್ಲಿ ಒಂದು ಕೈಪಂಪು ಕಂಡಿತು. ನಾನು ಕತ್ತು ಹೊರಳಿಸಿದ್ದನ್ನು ನೋಡಿ ಚಾಲಕ, “ನಿಲ್ಲಿಸ್ಲೇನ್ರಿ?” ಎಂದ.

“ಬ್ಯಾಡ, ನಡೀರಿ” ಎಂದೆ.

ಕಿಟಕಿಯಿಂದಲೇ ಗುರುತು ಮಾಡಿಕೊಂಡೆ. ಇನ್ನೊಮ್ಮೆ ಬಂದು ನೋಡಿದರಾಯಿತು ಎಂದುಕೊಂಡಿದ್ದೆ. ಬರಲಿಲ್ಲ. ಆ ಪಂಪಿಗೂ ನೀಲಿ ಹನಿ ಹಾಕಿ ಪುಸ್ತಕ ಅಚ್ಚಾಯಿತು.

ಏಪ್ರಿಲ್‌ನ ಒಂದು ಸಂಜೆ ಪೊಲೀಸ್ ಠಾಣೆಯಿಂದ ಫೋನ್ ಬಂತು. ಮಸರಕಲ್ ದಾರಿಯ ಆ ಕೈಪಂಪಿನ ಹತ್ತಿರ ತೀರಿಹೋದ ಒಬ್ಬ ಸವಾರನ ಚೀಲದಲ್ಲಿ ನನ್ನ ಪುಸ್ತಕ ಸಿಕ್ಕಿತ್ತು. ನನ್ನ ನಂಬರು ಅದರಲ್ಲಿತ್ತು. ಸತ್ತವರು ವೀರೇಶ, ಮಾನ್ವಿಯ ಹೈಸ್ಕೂಲೊಂದರ ದೈಹಿಕ ಶಿಕ್ಷಕರು. ನಸುಕಿನಲ್ಲೇ ಹೊರಟಿದ್ದರಂತೆ. ಎರಡು ಸಲ ಪಂಕ್ಚರ್ ಆಗಿ ಹೊತ್ತು ಏರಿತ್ತು. ವೈದ್ಯರು ಬರೆದದ್ದು ಹೀಟ್ ಸ್ಟ್ರೋಕ್, ಎಂದರೆ ಬಿಸಿಲಿನ ಹೊಡೆತಕ್ಕೆ ದೇಹ ತನ್ನ ಕಾವನ್ನು ತಗ್ಗಿಸಿಕೊಳ್ಳಲಾರದೆ ಸೋಲುವುದು.

ಮರುದಿನ ಬಸ್ಸು ಹಿಡಿದು, ಆಟೊ ಮಾಡಿಕೊಂಡು ಆ ಬೇವಿನ ಮರದ ಹತ್ತಿರ ಹೋದೆ. ಪಂಪಿನ ಹಿಡಿಕೆ ಒತ್ತಿದೆ. ಕಬ್ಬಿಣದ ಕರ್ಕಶ ಸದ್ದು, ಮತ್ತೇನೂ ಇಲ್ಲ. ಕುರಿ ಮೇಯಿಸುತ್ತಿದ್ದ ಹನುಮವ್ವ ಎಂಬ ಹೆಂಗಸು ಹತ್ತಿರ ಬಂದಳು. ವೀರೇಶರನ್ನು ಮೊದಲು ಕಂಡವಳು ಅವಳೇ.

“ಎರಡು ವರ್ಷಾತ್ರಿ ಇದು ಕೆಟ್ಟು. ದೂರದಿಂದ ನೋಡಾಕತ್ತಿದ್ದೆ, ಪಾಪ, ಒಂದ ಸವನ ಹೊಡದ್ರು, ಹೊಡದ್ರು. ಆಮ್ಯಾಲ ಅಲ್ಲೇ ಕುಂತ್ರು. ನನ್ನ ಬಾಟ್ಲಿ ನೀರು ತಂದು ಬಾಯಿಗೆ ಹಾಕೋದ್ರಾಗ ನುಂಗಾಕ ಬರಲಿಲ್ಲ ಯಪ್ಪಾ.”

ಅವಳು ಅದನ್ನು ಹೇಳಿ ಕುರಿಗಳ ಕಡೆ ಹೋದಳು. ನಾನು ಬಹಳ ಹೊತ್ತು ಹಿಡಿಕೆಯನ್ನು ಬಿಡಲಿಲ್ಲ.

ಪುಸ್ತಕ ಅಚ್ಚು ಮಾಡಿದ್ದ ಗೆಳೆಯ ನನಗೆ ತಿಳಿಹೇಳಿದ: “ಮೊದಲ ಪುಟದಾಗ ಸೂಚನೆ ಅದ, ದಾರಿ ಪರಿಸ್ಥಿತಿ ಬದಲಾಗಬಹುದು ಅಂತ. ಅಷ್ಟ ಹೇಳು, ಮುಂದಕ್ಕ ಹೋಗಬ್ಯಾಡ.” ವಾರ ಕಳೆದು ಮಾನ್ವಿಗೆ, ವೀರೇಶರ ಮನೆಗೆ ಹೋದಾಗ ಆ ವಾಕ್ಯ ನನ್ನ ನಾಲಿಗೆಯ ಮೇಲೇ ಇತ್ತು.

ಅವರ ಹೆಂಡತಿ ಶರಣಮ್ಮ ಪುಸ್ತಕ ತಂದು ನನ್ನ ಮುಂದೆ ತೆರೆದಿಟ್ಟರು. ಆ ನೀಲಿ ಹನಿಯ ಸುತ್ತ ಪೆನ್ಸಿಲಿನ ಗೆರೆ, ಪಕ್ಕದಲ್ಲಿ ವೀರೇಶರ ಅಕ್ಷರ: “ಇಲ್ಲಿ ಎರಡೂ ಬಾಟ್ಲಿ ತುಂಬಿಕೊಳ್ಳುವುದು.”

“ನೀವು ಆ ಬೋರಿಂಗ್ ಪಂಪು ಹೊಡದು ನೋಡಿದ್ರೇನ್ರಿ?”

“ಇಲ್ಲ ತಂಗಿ. ಟೆಂಪೊದಾಗ ಕುಂತು ಕಿಟಕಿಯಿಂದ ನೋಡಿದ್ದು.”

ಅವರು ಪುಸ್ತಕ ಮುಚ್ಚಿದರು. ಒಳಗೆ ಹೋಗಿ ಒಂದು ಹಾಳೆ, ಪೆನ್ನು ತಂದರು.

“ಮಂದಿ ಏನೇನೋ ಅಂತಾರ. ಬ್ಯಾಸಗಿ ಬಿಸಿಲಾಗ ಹುಚ್ಚರಂಗ ಹೋಗಿ ಸತ್ತ ಅಂತಾರ. ನಮ್ಮ ಮಾವನವರೂ ಹಂಗ ಅಂದ್ರು. ನಮ್ಮ ಮನಿಯವ್ರು ಹುಚ್ಚರಲ್ರಿ, ಎಲ್ಲಾ ಲೆಕ್ಕ ಹಾಕೇ ಹೋಗಿದ್ರು. ಈಗ ನೀವು ಹೇಳಿದ್ದನ್ನ ಬರದು ಕೊಡ್ರಿ.”

ನಾನು ಬರೆದೆ. ವೀರೇಶ ಅವರು ಮಾಡಿದ ಲೆಕ್ಕ ಸರಿಯಾಗಿತ್ತು, ನಾನು ಕೊಟ್ಟ ಗುರುತು ಸುಳ್ಳಾಗಿತ್ತು ಎಂದು ಬರೆದು ಸಹಿ ಹಾಕಿದೆ. ಅವರು ನಿಧಾನವಾಗಿ ಓದಿ, ಹಾಳೆ ಮಡಚಿ, “ಇನ್ನ ನೀವು ಹೋಗಿ ಬರ್ರಿ” ಎಂದರು.

ಅಂಗಡಿಗಳಲ್ಲಿ ಉಳಿದಿದ್ದ ಪ್ರತಿಗಳನ್ನೆಲ್ಲ ವಾಪಸು ತರಿಸಿದೆ. ಮಾರಾಟವಾದವುಗಳ ಬೆನ್ನು ಹತ್ತಿ ಸಾಧ್ಯವಾದವರಿಗೆಲ್ಲ ಫೋನ್ ಮಾಡಿದೆ, ಎಲ್ಲರೂ ಸಿಗಲಿಲ್ಲ. ಮುಂದಿನ ಬೇಸಿಗೆಯಲ್ಲಿ, ಬಿಸಿಲಿರುವಾಗಲೇ, ಇಡೀ ದಾರಿಯನ್ನು ಮತ್ತೆ ತುಳಿದೆ. ನಾನು ಡಿಸೆಂಬರ್‌ನಲ್ಲಿ ಕುಡಿದಿದ್ದ ಜಾಗಗಳಲ್ಲೂ ಮೂರು ಕಡೆ ನೀರು ಬತ್ತಿತ್ತು. ಹೊಸ ಆವೃತ್ತಿಯಲ್ಲಿ ಪ್ರತಿ ಹನಿಯ ಪಕ್ಕ ಯಾವ ತಿಂಗಳು ನೋಡಿದ್ದು ಎಂದು ಬರೆದೆ. ಮಾನ್ವಿ ದಾಟಿದ ಮೇಲಿನ ಆ ದಾರಿಯುದ್ದಕ್ಕೂ “ನೀರಿಲ್ಲ” ಎಂದು ಕೆಂಪಕ್ಷರದಲ್ಲಿ ಹಾಕಿದೆ. ಒಂದು ಪ್ರತಿಯನ್ನು ಶರಣಮ್ಮನವರಿಗೆ ಅಂಚೆಯಲ್ಲಿ ಕಳಿಸಿದೆ. ಲಕೋಟೆ ಒಡೆಯದೆ ಹಾಗೇ ಮರಳಿ ಬಂತು. ಅದರಲ್ಲಿ ಅವರದೇನೂ ತಪ್ಪಿಲ್ಲ.

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ತಾನು ಕುಡಿಯದ ನೀರನ್ನು ಇನ್ನೊಬ್ಬರಿಗೆ ತೋರಿಸಬಾರದು. ಕಲಿತದ್ದು ನಾನು, ಅದರ ಬೆಲೆ ತೆತ್ತವರು ಬೇರೆ.