ಪಾಚಿ ಒಣಗದ ಬಂಡೆ

ದೇಲಂಪಾಡಿಯ ಕಾಡಂಚಿನ ಬಂಡೆಗಳಿಂದ ಹೆಜ್ಜೇನು ಇಳಿಸುವುದು ನನ್ನ ಮತ್ತು ಅಣ್ಣನ ಕೆಲಸವಾಗಿತ್ತು. ಬಂಡೆ ಹತ್ತುವಾಗ ಬೆರಳ ತುದಿಯ ಮೇಲೆ ಇಡೀ ಮೈಭಾರ ಬಿಟ್ಟು ಬಿಟ್ಟು ನನ್ನ ಉಂಗುರ ಬೆರಳು ಆಗಲೇ ಸೊಟ್ಟಗಾಗಿತ್ತು. ಯುದ್ಧದಿಂದಾಗಿ ಸಕ್ಕರೆ ಸಿಗದ ಆ ವರ್ಷ, ಮಗಳ ಮದುವೆಗೆಂದು ನಮ್ಮೂರಿನ ಜಮೀನುದಾರ ಧಣಿಗಳಿಗೆ ಜೇನು ಬೇಕಾಯಿತು. ಹಿಂದಿನ ದಿನವಷ್ಟೇ ಮಳೆ ಬಂದು ಬಂಡೆಯ ಪಾಚಿ ಜಾರುತ್ತಿತ್ತು.

“ಎರಡು ದಿನ ಬಿಸಿಲು ಬರಲಿ ಧಣಿ,” ಎಂದ ಅಣ್ಣ.

“ಎಂತ ಮಾರಾಯ, ನಿನಗೂ ಹೆದರಿಕೆ ಉಂಟಾ?” ಎಂದು ಧಣಿಗಳು ಎಲ್ಲರೆದುರು ನಕ್ಕರು.

ಅಣ್ಣ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹತ್ತತೊಡಗಿದ. ನಾನು ಹಿಂಬದಿಯ ದಾರಿಯಿಂದ ಬಂಡೆಯ ನೆತ್ತಿಗೆ ಹೋಗಿ ಅವನ ಸೊಂಟದ ಹಗ್ಗ ಹಿಡಿದಿದ್ದೆ. ಅರ್ಧಕ್ಕೆ ಬಂದಾಗ ಅವನ ಕಾಲು ಜಾರಿತು. ಅಂಗೈಯ ಚರ್ಮ ಸುಲಿದರೂ ನಾನು ಹಗ್ಗ ಬಿಡಲಿಲ್ಲ. ಅವನ ಜೀವ ಉಳಿಯಿತು, ಆದರೆ ತೂಗಾಡಿ ಬಂಡೆಗೆ ಬಡಿದ ಹಿಮ್ಮಡಿ ಪುಡಿಯಾಯಿತು.

ಮದುವೆ ಮುಗಿದ ಮೇಲೆ ಧಣಿಗಳು ಅವನನ್ನು ನೋಡಲು ಬಂದರು. “ನೋಡಿ ಕಾಲಿಡಬೇಕಲ್ಲವಾ?” ಎಂದರು.

“ತಪ್ಪು ನನ್ನದೇ ಧಣಿ,” ಎಂದು ಅಣ್ಣ ಮಲಗಿದಲ್ಲಿಂದಲೇ ಕೈಮುಗಿದ.

ನಾನು ಎದ್ದು ಹೊರಗೆ ಹೋದೆ. ಧಣಿಗಳ ಮೇಲಿನ ಸಿಟ್ಟು ವರ್ಷ ಕಳೆದಂತೆ ಕಡಿಮೆಯಾಯಿತು. ಅಣ್ಣ ಸಾಯುವವರೆಗೂ ಕುಂಟಿದ. ಹಾಗೆ ಕೈಮುಗಿದದ್ದಕ್ಕೆ ಮಾತ್ರ ಅವನನ್ನು ಕ್ಷಮಿಸಲು ನನ್ನಿಂದ ಆಗಲೇ ಇಲ್ಲ.